ನಾಡಿ ಹಿಡಿಯದೆ ಮದ್ದು ಅರೆದವರು

ಬೆಳಗಿನ ಚಳಿಯಲ್ಲಿ ಎಂಜಿನ್ ಸಲೀಸಾಗಿಯೇ ಸ್ಟಾರ್ಟ್ ಆಗುತ್ತದೆ. ಐಡ್ಲಿಂಗ್ ಕೂಡ ಪರವಾಗಿಲ್ಲ. ಗೇರು ಹಾಕಿ, ಗೇಟು ದಾಟಿ, ರಸ್ತೆಗಿಳಿದು ಆಕ್ಸಿಲರೇಟರ್ ಒತ್ತಿದರೆ ಅರೆಕ್ಷಣ ಏನೂ ಆಗುವುದಿಲ್ಲ. ಕಾರು ಮುಂದಕ್ಕೆ ಜಿಗಿಯುವ ಬದಲು ಮುಗ್ಗರಿಸುತ್ತದೆ. ಹಿಂದುಗಡೆಯಿಂದ 'ಬಫ್' ಎಂದೊಂದು ಸದ್ದು. ಆಮೇಲೆ ನಿದ್ದೆಯಿಂದ ಎದ್ದವರ ಹಾಗೆ ತಡವಾಗಿ ಎಳೆಯಲು ಶುರು. 1978ರಿಂದ 1983ರವರೆಗೆ ತಯಾರಾದ ಪೋರ್ಷೆ 911 ಎಸ್‌ಸಿ ಸಾಕಿಕೊಂಡವರಿಗೆ ಈ ಅರೆಕ್ಷಣ ಚೆನ್ನಾಗಿ ಗೊತ್ತು. ಮೂರು ಲೀಟರಿನ, ಗಾಳಿಯಿಂದ ತಣಿಯುವ, ಆರು ಸಿಲಿಂಡರಿನ ಆ ಎಂಜಿನ್ ಗಟ್ಟಿತನಕ್ಕೆ ಹೆಸರಾದದ್ದು. ಅದಕ್ಕೆ ಪೆಟ್ರೋಲ್ ಉಣಿಸುವ ಕೆ-ಜೆಟ್ರಾನಿಕ್ ವ್ಯವಸ್ಥೆಗೆ ಮಾತ್ರ ಅಂಥ ಹೆಸರಿಲ್ಲ. ಹಠಮಾರಿ, ಅರ್ಥವಾಗದ್ದು, ಕಿತ್ತೆಸೆಯಲು ಯೋಗ್ಯವಾದದ್ದು ಎಂಬ ಮಾತುಗಳೇ ಹೆಚ್ಚು. ಆ ಕೆಟ್ಟ ಹೆಸರಿನಲ್ಲಿ ಯಂತ್ರದ ಪಾಲೆಷ್ಟು, ಅದನ್ನು ರಿಪೇರಿ ಮಾಡಿದವರ ಪಾಲೆಷ್ಟು ಎಂದು ಲೆಕ್ಕ ಹಾಕುವುದು ಅಗತ್ಯ. ಏಕೆಂದರೆ ಈ ಪ್ರಕರಣದಲ್ಲಿ ಆರೋಪಿಗಿಂತ ತನಿಖೆಯೇ ಹೆಚ್ಚು ಎಡವಿದೆ.

ಮೊದಲು ಮಾತಿನ ವಿಷಯ. ಬೆಂಗಳೂರಿನ ಯಾವುದೇ ಹಳೆಯ ಗ್ಯಾರೇಜಿಗೆ ಹೋಗಿ 'ಗಾಡಿ ಸರಿಯಿಲ್ಲ' ಎಂದರೆ ಮೇಸ್ತ್ರಿ ತಿರುಗಿ ಕೇಳುವ ಪ್ರಶ್ನೆಯೇ ಬೇರೆ: ಮಿಸ್ ಹೊಡೀತಿದೆಯಾ, ಜರ್ಕ್ ಹೊಡೀತಿದೆಯಾ, ಪಿಕಪ್ ಇಲ್ವಾ? ಮೂರೂ ಒಂದೇ ಅಲ್ಲ. ಮಿಸ್ ಹೊಡೆಯುವುದೆಂದರೆ ಯಾವುದೋ ಸಿಲಿಂಡರ್ ಪಾಳಿ ತಪ್ಪಿಸುತ್ತಿದೆ. ಜರ್ಕ್ ಎಂದರೆ ಇಡೀ ಎಂಜಿನ್ ಒಮ್ಮೆಲೇ ಕೈಬಿಟ್ಟು ಮತ್ತೆ ಹಿಡಿಯುತ್ತಿದೆ. ಪಿಕಪ್ ಇಲ್ಲವೆಂದರೆ ಒತ್ತಿದ ಕಾಲಿಗೆ ಉತ್ತರ ತಡವಾಗಿ ಬರುತ್ತಿದೆ. ಯಾವಾಗ ಎಂಬ ಪ್ರಶ್ನೆ ಇದರ ಬೆನ್ನಿಗೇ ಬರುತ್ತದೆ: ತಣ್ಣಗಿದ್ದಾಗಲೋ, ಕಾದ ಮೇಲೋ, ಬಿಸಿಲಿನಲ್ಲಿ ನಿಲ್ಲಿಸಿ ಮತ್ತೆ ಹೊರಟಾಗಲೋ? ಈ ಎರಡು ಪ್ರಶ್ನೆಗಳಿಗೆ ನೆಟ್ಟಗೆ ಉತ್ತರ ಸಿಕ್ಕರೆ ಪಾನಾ ಕೈಗೆ ತೆಗೆದುಕೊಳ್ಳುವ ಮೊದಲೇ ಅರ್ಧ ದಾರಿ ಸವೆದಿರುತ್ತದೆ.

ಆದರೆ ದುಬಾರಿ ಹಳೆಯ ಕಾರುಗಳ ಲೋಕದಲ್ಲಿ ರೂಢಿಯಾಗಿರುವುದು ಬೇರೆಯೇ ಪದ್ಧತಿ. ಅಮೆರಿಕದ ಮೆಕ್ಯಾನಿಕ್‌ಗಳು ಅದನ್ನು ಗೇಲಿ ಮಾಡಿ 'ಪಾರ್ಟ್ಸ್ ಕ್ಯಾನನ್' ಎನ್ನುತ್ತಾರೆ, ಅಂದರೆ ಬಿಡಿಭಾಗಗಳನ್ನು ತುಂಬಿ ಹಾರಿಸುವ ಫಿರಂಗಿ. ಅದು ಹಾರುವ ಕ್ರಮವೂ ಹೆಚ್ಚುಕಡಿಮೆ ನಿಗದಿಯಾಗಿದೆ. ಮೊದಲು ಸ್ಪಾರ್ಕ್ ಪ್ಲಗ್, ಅದರ ವೈರು, ಡಿಸ್ಟ್ರಿಬ್ಯೂಟರ್ ಕ್ಯಾಪು. ಹೋಗಲಿಲ್ಲವೇ? ಫ್ಯೂಯೆಲ್ ಫಿಲ್ಟರ್. ಆಗಲೂ ಹೋಗಲಿಲ್ಲವೇ? ಆರೂ ಇಂಜೆಕ್ಟರ್. ಅಲ್ಲಿಂದ ಮುಂದೆ ಬೆಲೆ ಏರುತ್ತಾ ಹೋಗುತ್ತದೆ: ವಾರ್ಮ್-ಅಪ್ ರೆಗ್ಯುಲೇಟರ್, ಪಂಪು, ಕೊನೆಗೆ ಫ್ಯೂಯೆಲ್ ಡಿಸ್ಟ್ರಿಬ್ಯೂಟರ್. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ಹಳ್ಳಿಯ ಗಾದೆ. ಇಲ್ಲಿ ಕೊಟ್ಟಿಗೆಯಲ್ಲಿರುವ ಅಷ್ಟೂ ದನಗಳಿಗೆ ಸಾಲಾಗಿ ಬರೆ ಬೀಳುತ್ತದೆ.

ಈ ಪದ್ಧತಿ ದುಬಾರಿ ಎಂಬುದು ಸಣ್ಣ ದೂರು. ಅದು ಆಗಾಗ ಫಲಿಸುತ್ತದೆ ಎಂಬುದೇ ದೊಡ್ಡ ದೂರು. 911 ಎಸ್‌ಸಿಯ ಇಂಜೆಕ್ಟರ್ ಬದಲಿಸುವಾಗ ಅದರ ಸುತ್ತಲಿನ ರಬ್ಬರ್ ರಿಂಗನ್ನೂ ಹೊಸದಾಗಿ ಹಾಕುತ್ತಾರೆ. ನಲವತ್ತು ವರ್ಷ ಎಂಜಿನ್ ಶಾಖದಲ್ಲಿ ಬೆಂದು ಕಲ್ಲಾಗಿದ್ದ ಹಳೆಯ ರಿಂಗಿನ ಪಕ್ಕದಿಂದ ಗಾಳಿ ಒಳನುಗ್ಗುತ್ತಿದ್ದದ್ದೇ ಕಾಯಿಲೆಯಾಗಿದ್ದರೆ ಕಾರು ಆ ದಿನವೇ ಸರಿಹೋಗುತ್ತದೆ. ಕೀರ್ತಿ ಮಾತ್ರ ಇಂಜೆಕ್ಟರ್‌ಗೆ. ಮಾಲೀಕ ತನ್ನಂಥ ಹತ್ತು ಜನರಿಗೆ 'ಇಂಜೆಕ್ಟರ್ ಹಾಕಿಸಿ, ನಂದು ಸರಿಹೋಯ್ತು' ಎನ್ನುತ್ತಾನೆ. ಅದರಲ್ಲಿ ಸುಳ್ಳಿಲ್ಲ, ನಿಜವೂ ಇಲ್ಲ. ಸವೆಯದೇ ಇದ್ದ ಆರು ಇಂಜೆಕ್ಟರ್‌ಗಳು ಕಸದ ಬುಟ್ಟಿ ಸೇರಿರುತ್ತವೆ. ಇನ್ನೊಂದು ಅಪಾಯ, ಹೊಸದೆಂದು ತಂದ ರಿಪೇರಿಯಾದ ಭಾಗವೇ ಅಳತೆ ತಪ್ಪಿರುವುದು. ಆಗ ಒಂದು ರೋಗವಿದ್ದ ಜಾಗದಲ್ಲಿ ಎರಡಾಗುತ್ತವೆ, ಎರಡನೆಯದರ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ.

ಹಾಗಾದರೆ ಈ ಕೆ-ಜೆಟ್ರಾನಿಕ್ ಎಂದರೇನು? ಇದನ್ನು ರೂಪಿಸಿದ್ದು ಬಾಷ್. ಬಾಷ್ ಎಂದರೆ ಬೆಂಗಳೂರಿನವರಿಗೆ ಆಡುಗೋಡಿಯ ಮೈಕೋ. 1951ರಲ್ಲಿ ಹುಟ್ಟಿದ ಆ ಕಂಪನಿ 2008ರಲ್ಲಿ ಅಧಿಕೃತವಾಗಿ ಬಾಷ್ ಆದರೂ ಹಳಬರ ಬಾಯಲ್ಲಿ ಇನ್ನೂ ಮೈಕೋನೇ. ಅಲ್ಲಿ ತಯಾರಾದದ್ದು ಸ್ಪಾರ್ಕ್ ಪ್ಲಗ್ಗು, ಡೀಸೆಲ್ ಪಂಪು. ಕೆ-ಜೆಟ್ರಾನಿಕ್ ಜರ್ಮನಿಯ ಮೂಲ ಮನೆಯ ಕೂಸು. 1973ರಲ್ಲಿ ಅಮೆರಿಕಕ್ಕೆ ಹೊರಟ ಪೋರ್ಷೆ 911 ಟಿಯಲ್ಲಿ ಅದು ಕಾಣಿಸಿಕೊಂಡಿತು. ಮುಂದೆ ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ, ವೋಲ್ವೊ 240, ಹಲವು ಮರ್ಸಿಡಿಸ್, ಫೆರಾರಿ 308 ಜಿಟಿಬಿಐ, ತುಕ್ಕುಹಿಡಿಯದ ಉಕ್ಕಿನ ಮೈಯ ಡಿಲೋರಿಯನ್, ಹೀಗೆ ಸಂಸಾರಸ್ಥರ ಕಾರಿನಿಂದ ಶೋಕಿಯ ಕಾರಿನವರೆಗೆ ಎಲ್ಲೆಡೆ ಸೇರಿಕೊಂಡಿತು.

ಹೆಸರಿನಲ್ಲಿರುವ 'ಕೆ' ಅಕ್ಷರ 'ನಿರಂತರ' ಎಂಬರ್ಥದ ಜರ್ಮನ್ ಪದದಿಂದ ಬಂದದ್ದು. ಇಲ್ಲಿ ಇಂಜೆಕ್ಟರ್‌ಗಳು ತೆರೆದು ಮುಚ್ಚುತ್ತಾ ಪಾಳಿಯ ಪ್ರಕಾರ ಉಗುಳುವುದಿಲ್ಲ. ಎಂಜಿನ್ ಓಡುವಷ್ಟು ಹೊತ್ತೂ ಸಿಂಪಡಿಸುತ್ತಲೇ ಇರುತ್ತವೆ. ಎಷ್ಟು ಸಿಂಪಡಿಸಬೇಕೆಂದು ಲೆಕ್ಕ ಹಾಕುವ ಕಂಪ್ಯೂಟರ್ ಇಲ್ಲ. ಒಳಬರುವ ಗಾಳಿಯ ದಾರಿಯಲ್ಲಿ, ಲಾಳಿಕೆಯಂಥ ಬಾಯಲ್ಲಿ, ಒಂದು ದುಂಡು ತಟ್ಟೆ. ಗಾಳಿ ಹೆಚ್ಚಿದಷ್ಟೂ ತಟ್ಟೆ ಹೆಚ್ಚು ಸರಿಯುತ್ತದೆ. ತಟ್ಟೆಗೆ ಕೂಡಿಸಿದ ಸನ್ನೆಗೋಲು ಒಂದು ಪ್ಲಂಜರನ್ನು ಎತ್ತುತ್ತದೆ. ಪ್ಲಂಜರ್ ಎದ್ದಷ್ಟೂ ಆರು ಸಣ್ಣ ಸೀಳುಗಳು ತೆರೆದುಕೊಂಡು ಆರು ಸಿಲಿಂಡರಿಗೆ ಪೆಟ್ರೋಲ್ ಹರಿಯುತ್ತದೆ. ತಕ್ಕಡಿ ಹಿಡಿದು ತೂಗಿದ ಹಾಗೆ: ಇತ್ತ ಗಾಳಿ, ಅತ್ತ ಪೆಟ್ರೋಲ್. ಬೇಕೆಂದರೆ ಕೈಯಲ್ಲಿ ತಟ್ಟೆ ಅಲುಗಿಸಿ ಇಡೀ ಸಿದ್ಧಾಂತವನ್ನು ಮುಟ್ಟಿ ನೋಡಬಹುದು. ಇಷ್ಟು ನೇರವಾಗಿ ತನ್ನ ಗುಟ್ಟು ಬಿಟ್ಟುಕೊಡುವ ಇಂಜೆಕ್ಷನ್ ವ್ಯವಸ್ಥೆ ಆಮೇಲೆ ಬರಲಿಲ್ಲ ಎನ್ನಬಹುದು.

ಈ ತಕ್ಕಡಿಗೆ ಒಂದು ಹೊಂದಾಣಿಕೆ ಬೇಕು. ತಣ್ಣನೆಯ ಎಂಜಿನ್‌ಗೆ ಪೆಟ್ರೋಲ್ ಹೆಚ್ಚು ಬೇಕು, ಕಾದ ಮೇಲೆ ಸಾಕು. ಅದಕ್ಕಾಗಿ ಪ್ಲಂಜರಿನ ತಲೆಯ ಮೇಲೆ ಪೆಟ್ರೋಲಿನದೇ ಒತ್ತಡವೊಂದನ್ನು ಹೇರಲಾಗುತ್ತದೆ. ಅದು ಕಂಟ್ರೋಲ್ ಪ್ರೆಶರ್. ಒತ್ತಡ ಕಡಿಮೆಯಿದ್ದರೆ ಅಷ್ಟೇ ಗಾಳಿಗೆ ಪ್ಲಂಜರ್ ಇನ್ನಷ್ಟು ಏಳುತ್ತದೆ, ಪೆಟ್ರೋಲ್ ಹೆಚ್ಚುತ್ತದೆ. ಕೊರೆಯುವ ಚಳಿಯಲ್ಲಿ ಅದು ಅರ್ಧ ಬಾರ್‌ನಷ್ಟು ಇಳಿದು, ಎಂಜಿನ್ ಕಾದ ಮೇಲೆ ಸುಮಾರು 3.7 ಬಾರ್ ಆಸುಪಾಸಿಗೆ ಏರುತ್ತದೆ. ಮಾದರಿಯಿಂದ ಮಾದರಿಗೆ ಕೊಂಚ ಹೆಚ್ಚುಕಡಿಮೆ. ಈ ಏರಿಳಿತ ನಡೆಸುವುದು ವಾರ್ಮ್-ಅಪ್ ರೆಗ್ಯುಲೇಟರ್ ಒಳಗಿನ ಎರಡು ಲೋಹದ ಪಟ್ಟಿ ಮತ್ತು ಅದನ್ನು ಕಾಯಿಸುವ ಪುಟ್ಟ ಹೀಟರ್. ಇಡೀ ವ್ಯವಸ್ಥೆಯ ಮೂಲ ಒತ್ತಡ 5 ಬಾರ್ ಸುಮಾರಿಗೆ ನಿಲ್ಲಬೇಕು.

ಕೆ-ಜೆಟ್ರಾನಿಕ್‌ನ ನಾಡಿ ಇರುವುದು ಈ ಒತ್ತಡಗಳಲ್ಲೇ. ಅದನ್ನು ಹಿಡಿಯಲು ಬೇಕಾದದ್ದು ಎರಡು ರಬ್ಬರ್ ಕೊಳವೆ ಮತ್ತು ಒಂದು ವಾಲ್ವ್ ಇರುವ ಒಂದು ಗೇಜು. ಪ್ಲಂಜರ್ ಕೂತಿರುವ ಫ್ಯೂಯೆಲ್ ಡಿಸ್ಟ್ರಿಬ್ಯೂಟರ್‌ಗೂ ರೆಗ್ಯುಲೇಟರ್‌ಗೂ ನಡುವೆ ಅದನ್ನು ಕೂಡಿಸಬೇಕು. ಹಿಂದಿನ ರಾತ್ರಿಯಿಂದ ನಿಂತು ತಣ್ಣಗಾದ ಕಾರಿನಲ್ಲಿ ರೆಗ್ಯುಲೇಟರಿನ ವೈರು ಕಳಚಿಟ್ಟು, ಎಂಜಿನ್ ಓಡಿಸದೆ ಪಂಪು ಮಾತ್ರ ಓಡಿಸಬೇಕು. ವಾಲ್ವ್ ಮುಚ್ಚಿದರೆ ಮುಳ್ಳು ತೋರಿಸುವುದು ಮೂಲ ಒತ್ತಡ. ತೆರೆದರೆ ಮುಳ್ಳು ಇಳಿದು ಕಂಟ್ರೋಲ್ ಪ್ರೆಶರ್ ತೋರಿಸುತ್ತದೆ. ವೈರು ಮತ್ತೆ ಸಿಕ್ಕಿಸಿ ಎಂಜಿನ್ ಸ್ಟಾರ್ಟ್ ಮಾಡಿದರೆ ಮುಳ್ಳು ನಿಮಿಷ ನಿಮಿಷಕ್ಕೂ ಮೇಲೇರುವುದು ಕಣ್ಣಿಗೇ ಕಾಣುತ್ತದೆ. ಎಂಜಿನ್ ಆರಿಸಿದ ಮೇಲೂ ಒತ್ತಡ ಒಮ್ಮೆಗೇ ಸೊನ್ನೆಗೆ ಬೀಳಬಾರದು; ಬಿದ್ದರೆ ಬಿಸಿ ಎಂಜಿನ್ ಮತ್ತೆ ಸ್ಟಾರ್ಟ್ ಆಗಲು ಸತಾಯಿಸುವುದು ಯಾಕೆಂದು ಅಲ್ಲೇ ಗೊತ್ತಾಗುತ್ತದೆ. ಅರ್ಧ ಗಂಟೆಯ ಕೆಲಸ. ಪೆಟ್ರೋಲಿನ ಕೊಳವೆ ಬಿಚ್ಚುವ ಕೆಲಸವಾದ್ದರಿಂದ ಬೆಂಕಿ ಆರಿಸುವ ಸಿಲಿಂಡರ್ ಪಕ್ಕದಲ್ಲಿರಬೇಕು, ಅಷ್ಟೇ.

ಈ ಅಂಕಿಗಳನ್ನು ಮುಗ್ಗರಿಸುವ ಹೊತ್ತಿನ ಜೊತೆ ಇಟ್ಟು ನೋಡಿದರೆ ಕಥೆ ತಾನಾಗಿ ಬಿಚ್ಚಿಕೊಳ್ಳುತ್ತದೆ. ಬೆಳಗಿನ ಮೊದಲ ಎರಡು ಮೂರು ನಿಮಿಷ ಮಾತ್ರ ಕಾಟ ಕೊಟ್ಟು, ಕಾದ ಮೇಲೆ ಏನೂ ಆಗಿಲ್ಲವೆಂಬಂತೆ ಓಡುವ ಕಾರಿನಲ್ಲಿ ತಣ್ಣನೆಯ ಕಂಟ್ರೋಲ್ ಪ್ರೆಶರ್ ಇರಬೇಕಾದ್ದಕ್ಕಿಂತ ಹೆಚ್ಚಿರುವ ಸಂಭವ ದೊಡ್ಡದು. ಪ್ಲಂಜರಿನ ತಲೆ ಅದುಮಿ ಹಿಡಿದಂತಾಗಿ ಪೆಟ್ರೋಲ್ ಸಾಲುತ್ತಿಲ್ಲ. ಕಾದ ಮೇಲೆ ಮುಗ್ಗರಿಸಿ, ಹೊಗೆಕೊಳವೆ ಕಪ್ಪಾಗಿ, ಪೆಟ್ರೋಲ್ ವಾಸನೆ ಮೂಗಿಗೆ ಹೊಡೆದರೆ ಒತ್ತಡ ಏರಲೇ ಇಲ್ಲ ಎಂದರ್ಥ. ಆಗ ಮೊದಲು ನೋಡಬೇಕಾದದ್ದು ಹೀಟರಿಗೆ ಕರೆಂಟ್ ಬರುತ್ತಿದೆಯೇ ಎಂದು. ಹಸಿರುಗಟ್ಟಿದ ಒಂದು ಕನೆಕ್ಟರ್ ಉಜ್ಜಿದರೆ ಮುಗಿಯುವ ಕೆಲಸಕ್ಕೆ ಇಡೀ ರೆಗ್ಯುಲೇಟರ್ ಬದಲಿಸಿದವರಿದ್ದಾರೆ. ಕಾರ್ಖಾನೆಯ ಕೈಪಿಡಿಯಲ್ಲಿ ಇದಕ್ಕೊಂದು ನಕ್ಷೆಯಿದೆ: ಅಡಿಯಲ್ಲಿ ಹೊರಗಿನ ಉಷ್ಣಾಂಶ, ಪಕ್ಕದಲ್ಲಿ ಬಾರ್, ನಡುವೆ ಓರೆಯಾಗಿ ಏರುವ ಪಟ್ಟೆ. ಆ ಬೆಳಗಿನ ಬಿಂದು ಪಟ್ಟೆಯೊಳಗೆ ಬಿತ್ತೇ ಇಲ್ಲವೇ? ಕೈಪಿಡಿಯ ಗದ್ಯ ಒಣಕಲು, ವಿವರಣೆ ಜಿಪುಣತನದ್ದು, ಆದರೆ ಆ ಒಂದು ನಕ್ಷೆ ನೂರು ಸಲಹೆಗಳಿಗೆ ಸಮ.

ಒತ್ತಡವೆಲ್ಲ ಸರಿಯಿದ್ದೂ ಕಾರು ಮುಗ್ಗರಿಸಿದರೆ ಅನುಮಾನ ಹೋಗಬೇಕಾದದ್ದು ಕಳ್ಳಗಾಳಿಯ ಕಡೆಗೆ. ತಟ್ಟೆಯನ್ನು ದಾಟದೆ ಹಿಂಬಾಗಿಲಿನಿಂದ ನುಸುಳಿದ ಗಾಳಿ ತಕ್ಕಡಿಗೆ ಕಾಣುವುದೇ ಇಲ್ಲ. ಅದರ ಪಾಲಿನ ಪೆಟ್ರೋಲೂ ಬರುವುದಿಲ್ಲ. 911 ಎಸ್‌ಸಿಯಲ್ಲಿ ಇಂಥ ಹಿಂಬಾಗಿಲುಗಳಿಗೆ ಬರವಿಲ್ಲ. ಇಂಜೆಕ್ಟರ್ ರಿಂಗು, ಗಾಳಿಯ ಪೆಟ್ಟಿಗೆಯ ಬೆಸುಗೆ, ಅದರಿಂದ ಎಂಜಿನ್‌ಗೆ ಹೋಗುವ ರಬ್ಬರ್ ತೋಳುಗಳು, ಬೆರಳಿಗೂ ಎಟುಕದ ಸಣ್ಣ ವ್ಯಾಕ್ಯೂಮ್ ಕೊಳವೆಗಳು. ಇವುಗಳಲ್ಲಿ ಅತಿ ವಿಚಿತ್ರವಾದದ್ದು ಆಯಿಲ್ ಟ್ಯಾಂಕಿನ ಕ್ಯಾಪು.

ಈ ಕಾರಿನಲ್ಲಿ ಆಯಿಲ್ ಇರುವುದು ಎಂಜಿನ್ ತಳದಲ್ಲಲ್ಲ, ಹಿಂಬದಿಯ ಬಲ ಪಕ್ಕದ ಬೇರೊಂದು ಟ್ಯಾಂಕಿನಲ್ಲಿ. ಟ್ಯಾಂಕಿನ ಉಸಿರುಕೊಳವೆ ಗಾಳಿ ಒಳಹೋಗುವ ದಾರಿಗೇ ಕೂಡಿಕೊಂಡಿದೆ. ಆಯಿಲ್ ನೋಡುವ ಅಳತೆಗೋಲು ಆ ಕ್ಯಾಪಿನಡಿಯಲ್ಲೇ ಇದೆ. ನೋಡಬೇಕಾದದ್ದೂ ಎಂಜಿನ್ ಚೆನ್ನಾಗಿ ಕಾದು ಐಡ್ಲಿಂಗ್‌ನಲ್ಲಿ ಓಡುತ್ತಿರುವಾಗ. ಎಂಜಿನ್ ಆರಿಸಿ ನೋಡುವ ಅಭ್ಯಾಸವಿರುವವರಿಗೆ ಇದೇ ಮೊದಲ ಆಘಾತ. ಎರಡನೆಯದು, ಕ್ಯಾಪು ತಿರುವಿ ತೆಗೆದ ಕೂಡಲೇ ಎಂಜಿನ್ ತೊದಲಿ ಇನ್ನೇನು ನಿಂತೇ ಹೋಗುವಂತಾಗುವುದು. ಎಷ್ಟೋ ಹೊಸ ಮಾಲೀಕರು ಇದನ್ನೇ ರೋಗವೆಂದು ಗ್ಯಾರೇಜಿಗೆ ಓಡುತ್ತಾರೆ. ನಿಜ ತಿರುಗುಮುರುಗು: ಕ್ಯಾಪು ತೆಗೆದಾಗ ಎಂಜಿನ್ ತೊದಲಿದರೆ ಉಳಿದ ಕಡೆ ಬಿಗಿಯಾಗಿದೆ. ತೆಗೆದರೂ ಹಾಕಿದರೂ ಒಂದೇ ಸಮ ಓಡುತ್ತಿದ್ದರೆ ಬೇರೆಲ್ಲೋ ಈಗಾಗಲೇ ದೊಡ್ಡ ತೂತಿದೆ. ಕಾಸು ಖರ್ಚಿಲ್ಲದ ಈ ಪರೀಕ್ಷೆಯನ್ನು ಮಾಲೀಕರು ಪ್ರತಿ ಸಲ ಆಯಿಲ್ ನೋಡುವಾಗಲೂ ಗೊತ್ತಿಲ್ಲದೆ ಮಾಡುತ್ತಲೇ ಇರುತ್ತಾರೆ, ಉತ್ತರವನ್ನು ಮಾತ್ರ ಓದುವುದಿಲ್ಲ. ತೂತು ಇದೆಯೆಂದು ಗೊತ್ತಾದ ಮೇಲೆ ಎಲ್ಲಿದೆಯೆಂದು ಹುಡುಕಲು ಹೊಗೆ ಊದುವ ಯಂತ್ರ ಒಳ್ಳೆಯದು. ಬಿಸಿ ಎಂಜಿನ್ ಮೇಲೆ ಉರಿಯುವ ದ್ರವ ಸಿಂಪಡಿಸಿ ಸದ್ದು ಬದಲಾಗುತ್ತದೆಯೇ ಎಂದು ಕೇಳುವ ಹಳೆಯ ರೂಢಿ ಹುಚ್ಚುಸಾಹಸ.

ಕೆಲವು ಕೈಗಳು ಇಷ್ಟೆಲ್ಲ ತೊಂದರೆ ತೆಗೆದುಕೊಳ್ಳುವುದಿಲ್ಲ. ನೇರವಾಗಿ 3 ಮಿಲಿಮೀಟರಿನ ಆಲನ್ ಕೀ ತೆಗೆದುಕೊಂಡು ಮಿಶ್ರಣದ ಸ್ಕ್ರೂ ತಿರುವುತ್ತವೆ. ಕಳ್ಳಗಾಳಿಯಿಂದ ತೆಳುವಾದ ಮಿಶ್ರಣವನ್ನು ಗಟ್ಟಿ ಮಾಡಿದರೆ ಐಡ್ಲಿಂಗ್ ಆ ಕ್ಷಣಕ್ಕೆ ಸರಿಹೋಗುತ್ತದೆ. ಆದರೆ ತೂತಿನ ಗಾಳಿ ಐಡ್ಲಿಂಗ್‌ನಲ್ಲಿ ದೊಡ್ಡ ಪಾಲು, ವೇಗದಲ್ಲಿ ಸಣ್ಣ ಪಾಲು. ಆದ್ದರಿಂದ ಐಡ್ಲಿಂಗ್‌ಗೆ ಹೊಂದಿಸಿದ ಸ್ಕ್ರೂ ಹೆದ್ದಾರಿಯಲ್ಲಿ ಪೆಟ್ರೋಲ್ ಕುಡಿಸುತ್ತದೆ. ಮುಂದಿನ ಮೆಕ್ಯಾನಿಕ್ ಕೈಗೆ ಸಿಗುವುದು ಮೂಲ ರೋಗವಲ್ಲ, ಅದರ ಮೇಲೆ ಬಳಿದ ಸುಣ್ಣ. ಬಿಡಿಭಾಗ ಬದಲಿಸುವವನಿಗಿಂತ ಸ್ಕ್ರೂ ತಿರುವುವವನೇ ದೊಡ್ಡ ಅಪರಾಧಿ: ಮೊದಲನೆಯವನು ದುಡ್ಡು ಕಳೆಯುತ್ತಾನೆ, ಎರಡನೆಯವನು ಸಾಕ್ಷ್ಯವನ್ನೇ ಅಳಿಸುತ್ತಾನೆ.

ಯಂತ್ರವೇನೂ ಪೂರ್ತಿ ನಿರಪರಾಧಿಯಲ್ಲ. ಆ ಗಾಳಿಯ ಪೆಟ್ಟಿಗೆ ಪ್ಲಾಸ್ಟಿಕ್ಕಿನದು. ಚಳಿಯಲ್ಲಿ ಸ್ಟಾರ್ಟ್ ಮಾಡುವಾಗ ಎಂಜಿನ್ ಹಿಮ್ಮುಖವಾಗಿ ಒಮ್ಮೆ ಕೆಮ್ಮಿದರೆ ಒಳಗೆ ತುಂಬಿದ ಪೆಟ್ರೋಲ್ ಆವಿ ಹೊತ್ತಿಕೊಂಡು ಪೆಟ್ಟಿಗೆ ಸೀಳಿಹೋಗುತ್ತದೆ. ಎಷ್ಟೋ ಪೆಟ್ಟಿಗೆಗಳು ಹೀಗೆ ಒಡೆದ ಮೇಲೆ, ಒತ್ತಡ ಹೆಚ್ಚಾದರೆ ತೆರೆದುಕೊಳ್ಳುವ ಪುಟ್ಟ ಮುಚ್ಚಳವೊಂದನ್ನು ಮಾಲೀಕರೇ ತೂತು ಕೊರೆದು ಅಂಟಿಸಿಕೊಳ್ಳುವುದು ವಾಡಿಕೆಯಾಯಿತು. ಕಾರ್ಖಾನೆ ಮೊದಲ ದಿನವೇ ಹಾಕಬೇಕಿದ್ದ ಮುಚ್ಚಳ ಅದು. ಅದೂ ಸರಿಯಾಗಿ ಕೂರದಿದ್ದರೆ ಮತ್ತದೇ ಕಳ್ಳಗಾಳಿ! ಇನ್ನೊಂದು ಕೊರತೆ, ಈ ವ್ಯವಸ್ಥೆ ನಿಂತಲ್ಲೇ ಕೆಡುತ್ತದೆ. ಓಡಿಸಿದಷ್ಟೂ ಚೆನ್ನ, ವರ್ಷಗಟ್ಟಲೆ ಹೊದಿಕೆಯಡಿ ನಿಲ್ಲಿಸಿದರೆ ಹಳಸಿದ ಪೆಟ್ರೋಲ್ ಅಂಟಾಗಿ ಪ್ಲಂಜರ್ ಹಿಡಿದುಕೊಳ್ಳುತ್ತದೆ. ಕಾರಿನ ಬೆಲೆ ಏರುತ್ತಾ ಹೋದಂತೆ ಓಡಿಸುವವರು ಕಡಿಮೆಯಾದದ್ದು ಅದಕ್ಕೆ ಒದಗಿದ ದೊಡ್ಡ ಗಂಡಾಂತರ.

ಗೇಜು ಹಿಡಿದವರೂ ಕೆಲವೊಮ್ಮೆ ಎಡವುತ್ತಾರೆ. ಗೇಜು ಪೆಟ್ರೋಲಿನ ನಾಡಿಯನ್ನಷ್ಟೇ ಹೇಳುತ್ತದೆ, ಕಿಡಿಯ ವಿಷಯ ಅದಕ್ಕೆ ಗೊತ್ತಿಲ್ಲ. ಮುಗ್ಗರಿಸುವ ಕ್ಷಣದಲ್ಲಿ ಡ್ಯಾಶ್‌ಬೋರ್ಡಿನ ಟ್ಯಾಕೊಮೀಟರ್ ಕಡೆ ಕಣ್ಣು ಹಾಕುವ ತಾಳ್ಮೆ ಬೇಕು. ಎಂಜಿನ್ ವೇಗದ ಜೊತೆ ಮುಳ್ಳು ಮೆಲ್ಲಗೆ ಇಳಿದರೆ ಪೆಟ್ರೋಲ್ ಕಡೆ ಅನುಮಾನ. ಕಾರು ಓಡುತ್ತಿರುವಾಗಲೇ ಮುಳ್ಳು ತಟ್ಟನೆ ಸೊನ್ನೆಗೆ ಕುಸಿದು ಹಾರಿದರೆ ಇಗ್ನಿಷನ್ ಕಡೆ. ಡಿಸ್ಟ್ರಿಬ್ಯೂಟರ್ ಒಳಗೆ ವೇಗಕ್ಕೆ ತಕ್ಕಂತೆ ಕಿಡಿಯನ್ನು ಮುಂದಕ್ಕೆ ತರುವ ತೂಕದ ಗುಂಡುಗಳು ಗ್ರೀಸ್ ಒಣಗಿ ಸಿಕ್ಕಿಕೊಂಡರೂ ಕಾರು ಇದೇ ಅರೆಕ್ಷಣ ತಡವರಿಸುತ್ತದೆ. ಎರಡು ಹನಿ ಎಣ್ಣೆಯಲ್ಲಿ ಮುಗಿಯುವ ರೋಗ. ವಾಲ್ವ್‌ಗಳ ಸಂದು ತಣ್ಣಗಿದ್ದಾಗ 0.1 ಮಿಲಿಮೀಟರ್ ಇರಬೇಕು. ಅದು ಬಿಗಿಯಾಗಿ, ಕಂಪ್ರೆಷನ್ ಸೋರುತ್ತಿದ್ದರೆ ಯಾವ ಇಂಜೆಕ್ಷನ್ ಏನು ಮಾಡೀತು? ಈ ಬೇಸರದ ಕೆಲಸ ಮೊದಲು ಮುಗಿಸಿ ಆಮೇಲೆ ಗೇಜು ಕೂಡಿಸುವವರನ್ನು ನಂಬಬಹುದು.

1984ರಲ್ಲಿ ಪೋರ್ಷೆ 911 ಕರೇರಾ 3.2 ಬಂದಾಗ ಆ ತಟ್ಟೆ, ಪ್ಲಂಜರು ಹೋಗಿ ಬಾಷ್‌ನ ಮೋಟ್ರಾನಿಕ್ ಬಂತು. ಪೆಟ್ರೋಲನ್ನೂ ಕಿಡಿಯನ್ನೂ ಒಂದೇ ಕಂಪ್ಯೂಟರ್ ಆಳುವ ವ್ಯವಸ್ಥೆ. ಮೊದಲು ಕಂಡದ್ದು 1979ರ ಬಿಎಂಡಬ್ಲ್ಯು 732ಐಯಲ್ಲಿ. ಬಿಡಿಭಾಗದ ಫಿರಂಗಿಗೆ ಇಲ್ಲಿ ಸ್ವಲ್ಪ ಸಮರ್ಥನೆ ಸಿಗುತ್ತದೆ. ಪಂಪಿಗೂ ಕಂಪ್ಯೂಟರಿಗೂ ಕರೆಂಟ್ ಕೊಡುವ ಡಿಎಂಇ ರಿಲೇಯೊಳಗಿನ ಬೆಸುಗೆ ಬಿರುಕು ಬಿಡುವುದು ಎಷ್ಟು ಸಾಮಾನ್ಯವೆಂದರೆ ಅನುಭವಿಗಳು ಒಂದು ಹೆಚ್ಚಿನ ರಿಲೇ ಕಾರಿನಲ್ಲೇ ಇಟ್ಟುಕೊಂಡಿರುತ್ತಾರೆ. ತೆಗೆದು ಹಾಕಿ ನೋಡಲು ಎರಡು ನಿಮಿಷ, ಅದನ್ನು ತಪ್ಪೆನ್ನಲಾಗದು. ಗಾಳಿಯ ಮೀಟರಿನಲ್ಲಿ ಮಾತ್ರ ಕಥೆ ಬೇರೆ. ಅದರ ಬಾಗಿಲು ತೆರೆದಂತೆಲ್ಲ ಒಂದು ಪುಟ್ಟ ಲೋಹದ ಬೆರಳು ಕಾರ್ಬನ್ ಹಾದಿಯ ಮೇಲೆ ಉಜ್ಜುತ್ತಾ ಸರಿಯುತ್ತದೆ. ಊರಿನಲ್ಲಿ ಓಡಾಡುವ ಕಾರಿನಲ್ಲಿ ಬೆರಳು ಹೆಚ್ಚು ಹೊತ್ತು ನಿಲ್ಲುವ ಜಾಗದಲ್ಲೇ ಹಾದಿ ಸವೆದು ಗೀರು ಬೀಳುತ್ತದೆ, ಕಾರು ಪ್ರತಿ ಸಲವೂ ಪೆಡಲಿನ ಅದೇ ಜಾಗದಲ್ಲಿ ಎಡವುತ್ತದೆ. ವೋಲ್ಟ್‌ಮೀಟರ್ ಇಟ್ಟು ಬಾಗಿಲನ್ನು ಕೈಬೆರಳಿನಲ್ಲಿ ನಿಧಾನವಾಗಿ ತಳ್ಳಿದರೆ ವೋಲ್ಟೇಜ್ ಎಲ್ಲಿ ಜಿಗಿಯುತ್ತದೆಂದು ಕಾಣುತ್ತದೆ. ಸಿಲಿಂಡರ್ ಹೆಡ್‌ನ ಉಷ್ಣಾಂಶ ಹೇಳುವ ಸೆನ್ಸರ್ ವೈರು ತುಂಡಾದರೆ ಕಂಪ್ಯೂಟರ್ ಹೊರಗೆ ಹಿಮ ಬೀಳುತ್ತಿದೆಯೆಂದು ನಂಬಿ ಪೆಟ್ರೋಲ್ ಸುರಿಯುತ್ತದೆ. ಅದರ ಓಮ್ ಅಳೆಯಲು ಸಾಧಾರಣ ಮಲ್ಟಿಮೀಟರ್ ಸಾಕು.

ಅಳೆಯುವ ಬದಲು ವ್ಯವಸ್ಥೆಯನ್ನೇ ಕಿತ್ತುಹಾಕುವ ಚಾಳಿ ಪೋರ್ಷೆಯಿಂದ ಶುರುವಾದದ್ದಲ್ಲ. 1957ರಲ್ಲಿ ಶೆವರ್ಲೆ ಕಾರ್ವೆಟ್‌ಗೆ ರೋಚೆಸ್ಟರ್ ಕಂಪನಿಯ ಯಾಂತ್ರಿಕ ಇಂಜೆಕ್ಷನ್ ಬಂತು. ಊರೂರಿನ ಮೆಕ್ಯಾನಿಕ್‌ಗಳಿಗೆ ಅದರ ತಲೆಬುಡ ತಿಳಿಯಲಿಲ್ಲ. ಎಷ್ಟೋ ಕಾರುಗಳಿಂದ ಅದನ್ನು ಬಿಚ್ಚಿ ಕಾರ್ಬುರೇಟರ್ ಕೂರಿಸಿದರು. ಇವತ್ತು ಅದೇ ಇಂಜೆಕ್ಷನ್ ಘಟಕ ಸಿಕ್ಕರೆ ಸಂಗ್ರಾಹಕರು ಮುಗಿಬೀಳುತ್ತಾರೆ. 911ರ ಮಟ್ಟಿಗೂ ನೆಗಡಿ ಬಂತೆಂದು ಮೂಗು ಕೊಯ್ದವರು ಕಡಿಮೆಯೇನಲ್ಲ. ವೆಬರ್ ಇಲ್ಲವೇ ಪಿಎಂಒ ಕಾರ್ಬುರೇಟರ್ ಹಾಕಿಸಿಕೊಂಡವರಿಗೆ ಸದ್ದು ಸೊಗಸಾಗಿ ಸಿಗುತ್ತದೆ, ಪೆಡಲಿಗೆ ಚುರುಕು ಸಿಗುತ್ತದೆ. ಪೆಟ್ರೋಲ್ ಲೆಕ್ಕ ಕೆಡುತ್ತದೆ. ಕಿತ್ತಿಟ್ಟ ಕೆ-ಜೆಟ್ರಾನಿಕ್ ರಟ್ಟಿನ ಪೆಟ್ಟಿಗೆ ಸೇರಿ ಗ್ಯಾರೇಜಿನ ಅಟ್ಟ ಹತ್ತುತ್ತದೆ. ಕಾರು ಮಾರುವ ದಿನ ಜಾಹೀರಾತಿನಲ್ಲಿ 'ಮೂಲ ಭಾಗಗಳು ಜೊತೆಗಿವೆ' ಎಂದು ಬರೆದು ಅದನ್ನು ಕೆಳಗಿಳಿಸುತ್ತಾರೆ. ಹತ್ತಾರು ಬೇಸಿಗೆ ಅಟ್ಟದಲ್ಲಿ ಕಳೆದ ಪ್ಲಂಜರ್ ಅಷ್ಟರಲ್ಲಿ ತನ್ನ ಗೂಡಿಗೆ ಅಂಟಿಕೊಂಡು ಕೂತಿರುತ್ತದೆ.